ಗಡಗಡ ಅನ್ನುವ ಮಡ್ಗಾರ್ಡು

ಈಗಿನ ಸೈಕಲ್ಲುಗಳಿಗೆ ಮಡ್ಗಾರ್ಡೇ ಇರುವುದಿಲ್ಲ, ಅದೇನು ಚೆಂದವೋ ಕಾಣೆ. ಎಪ್ಪತ್ತರ ದಶಕದ ಒಂದು ಮಳೆಗಾಲದಲ್ಲಿ ಅಪ್ಪ ನೋಡಿದ್ದೂ ಬರೀ ಚೆಂದವನ್ನೇ. ಚಕ್ರಕ್ಕೆ ಅಂಟಿಕೊಂಡಂತೆ ಕೂರುವ, ಫಳಫಳ ಹೊಳೆಯುವ ಜೋಡಿಯೊಂದನ್ನು ಹೊನ್ನಾಳಿಯಲ್ಲಿ ಹಾಕಿಸಿಕೊಂಡು ಬಂದರು. ಸಾಸ್ವೆಹಳ್ಳಿ ಕಡೆಯ ನಮ್ಮ ಎರೆಮಣ್ಣಿಗೆ ಅಂಥ ಷೋಕಿ ಆಗಿಬರುವುದಿಲ್ಲ. ಮರುದಿನವೇ ಮಣ್ಣು ಒಳಗೆ ಮೆತ್ತಿಕೊಂಡು ಚಕ್ರ ನಿಂತುಹೋಯಿತು. ಬಿಳಿ ಪಂಚೆಗೆ ಕೆಸರು ಸಿಡಿಯಬಾರದೆಂದು ಮಡ್ಗಾರ್ಡು ಹಾಕಿಸಿದವರು ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು, ಮೈಯೆಲ್ಲ ಕೆಸರಾಗಿ ಮನೆಗೆ ಬಂದರು.

ಮುಂದಿನ ಸಂತೆಗೆ ಅವ್ವ ತಾನೇ ಜೊತೆಗೆ ಹೊರಟಳು. ಅಂಗಡಿಯಲ್ಲಿ ಒಂದೊಂದೇ ಮಡ್ಗಾರ್ಡನ್ನು ಚಕ್ರದ ಮೇಲೆ ಹಿಡಿಸಿ, ಸಂದಿಯಲ್ಲಿ ಬಳೆ ಸಮೇತ ಕೈ ತೂರಿಸಿ ನೋಡಿದಳು.

"ಮಣ್ಣು ಬಾಚಾಕೆ ಕೈ ಹೋಗ್ಬೇಕಲ್ರೀ," ಎಂದಳು.

ಕೈ ಹೋದದ್ದು ಅಗಲದ, ಕರಿ ಬಣ್ಣದ, ನೋಡಲು ಏನೇನೂ ಚೆಂದವಿಲ್ಲದ ಒಂದರಲ್ಲಿ ಮಾತ್ರ.

ಅದಕ್ಕೆ ಮಣ್ಣು ಕಟ್ಟಲಿಲ್ಲ. ಆದರೆ ಊರಿಗೆಲ್ಲ ಕೇಳುವಂತೆ ಗಡಗಡ ಅನ್ನುತ್ತಿತ್ತು. ಅಪ್ಪನಿಗೆ ನಾಚಿಕೆ. ಕೊನೆಗೊಂದು ದಿನ ಹಳೇ ಟ್ಯೂಬಿನ ತುಂಡುಗಳನ್ನು ಬೋಲ್ಟುಗಳ ಬುಡಕ್ಕೆ ಸಿಕ್ಕಿಸಿ ಸದ್ದಡಗಿಸಿದರು. ಅವತ್ತು ಸಂಜೆ ಬಂದು ಊಟಕ್ಕೆ ಕೂತರೆ ಒಲೆಯ ಮೇಲೆ ಹಂಚೇ ಇರಲಿಲ್ಲ.

"ಸದ್ದಿಲ್ದಂಗೆ ಬಂದ್ರೆ ರೊಟ್ಟಿ ಹೆಂಗೆ ಹಾಕ್ಲಿ? ದಿನಾ ನಿಮ್ಮ ಗಡಗಡ ಕೇಳೇ ಹಂಚು ಇಡೋದು ನಾನು," ಎಂದು ಅವ್ವ ರೇಗಿದಳು.

ಅಪ್ಪ ತೊಳೆದ ಕೈ ಒರೆಸಿಕೊಂಡು ಎದ್ದು, ಹೊರಗೆ ಹೋಗಿ ಆ ತುಂಡುಗಳನ್ನೆಲ್ಲ ಕಿತ್ತೆಸೆದು ಬಂದರು.