ಟೈಲರನ ಕಾರಿನ ರಬ್ಬರ್ ಪೈಪು

"ಅಮ್ಮಾ, ಬೆರಳು ಸುಟ್ಟರೂ ತಾತಂಗೆ ಯಾಕೆ ಗೊತ್ತಾಗಲ್ಲ?"

ಇವತ್ತು ಮಧ್ಯಾಹ್ನ ಬಟ್ಟೆ ಮಡಚುವಾಗ ಮಗಳು ಕೇಳಿದ ಪ್ರಶ್ನೆ ಇದು. ಸಕ್ಕರೆ ಕಾಯಿಲೆ ಹಳೆಯದಾದರೆ ಬೆರಳಿಗೆ ಜೋಮು ಹಿಡಿದು ನಿದ್ದೆ ಹೋದಂತಾಗುತ್ತದೆ ಎಂದೆ. "ಹಂಗಾದ್ರೆ ಎಬ್ಬಿಸ್ತೀನಿ" ಎಂದು ಮೆಟ್ಟಿಲಿಗೆ ಓಡಿದಳು. ರಟ್ಟೆ ಹಿಡಿದು ಕೂರಿಸಿದೆ. ಐದು ವರ್ಷದವಳಿಗೆ ಇನ್ನೆಷ್ಟು ಹೇಳಲಿ?

ಅವಳ ತಾತ ನನಗೆ ದೊಡ್ಡಪ್ಪ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವರು. ನಾವು ಮಹಡಿಯಲ್ಲಿ, ಕೆಳಗೆ ಅವರ ಗ್ಯಾರೇಜು; ಒಂದು ಕಾರು ನಿಂತರೆ ಮನುಷ್ಯರು ಅಡ್ಡಡ್ಡ ನಡೆಯಬೇಕು. ಹದಿನಾಲ್ಕನೇ ವಯಸ್ಸಿಗೆ ಪಾನಾ ಹಿಡಿದವರಿಗೆ ಈಗ ಅರವತ್ತನಾಲ್ಕು. ಹೊಸ ಕಾರು ಬಂದರೆ ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಾರೆ. "ಇದರ ಕಾಯಿಲೆ ಕಂಪ್ಯೂಟರೇ ಹೇಳುತ್ತೆ, ಹೋಗಪ್ಪಾ. ನಾನು ಬಾಯಿ ಬರದೇ ಇರೋವನ್ನ ಮಾತ್ರ ನೋಡೋನು."

ಅವರ ಹೆಸರೆಲ್ಲ ಒಂದೇ ಪರೀಕ್ಷೆಯಿಂದ ಬಂದದ್ದು. ಎಂಜಿನ್ ಓಡುವಾಗ ಸುಟ್ಟ ಗಾಳಿ ಸ್ವಲ್ಪ ಪಿಸ್ಟನ್ ಸಂದಿಯಿಂದ ಕೆಳಗಿನ ಆಯಿಲ್ ಇರುವ ಕಡೆಗೆ ನುಸುಳುತ್ತದಂತೆ. ಅದನ್ನು ಮೇಲಕ್ಕೆ ಎಳೆದು ಮತ್ತೆ ಸುಡಲು ಒಂದು ರಬ್ಬರ್ ಪೈಪು, ಅದರ ತುದಿಗೊಂದು ಪುಟ್ಟ ವಾಲ್ವು. ಆ ದಾರಿ ಕಟ್ಟಿಕೊಂಡರೆ ಒಳಗೆ ಉಬ್ಬರವಾಗಿ ಸೀಲುಗಳಿಂದ ಆಯಿಲ್ ಒಸರುತ್ತದೆ, ಹೊಗೆ ಏಳುತ್ತದೆ. ಪಿಸ್ಟನ್ ರಿಂಗು ಸವೆದರೂ ಇದೇ ಲಕ್ಷಣ. ಆದರೆ ಪೈಪಾದರೆ ಅರ್ಧ ಗಂಟೆಯ ಕೆಲಸ, ರಿಂಗಾದರೆ ಇಡೀ ಎಂಜಿನ್ ಬಿಚ್ಚಬೇಕು.

ದೊಡ್ಡಪ್ಪ ಓಡುವ ಎಂಜಿನ್ನಿನಿಂದ ವಾಲ್ವನ್ನು ಪೈಪಿನ ತುದಿಯಲ್ಲೇ ಇರಿಸಿ ಕಿತ್ತು ಅದರ ಬಾಯಿಗೆ ಹೆಬ್ಬೆರಳು ಒತ್ತುತ್ತಾರೆ. ಬೆರಳನ್ನು ಒಳಕ್ಕೆ ಎಳೆದರೆ ದಾರಿ ತೆರೆದಿದೆ, ತಪ್ಪು ರಿಂಗಿನದು; ಎಳೆಯದಿದ್ದರೆ ಪೈಪು ಕಟ್ಟಿದೆ. ಬೇರೆ ಮೆಕ್ಯಾನಿಕ್‌ಗಳು ಕಾಗದದ ಚೂರು ಇಟ್ಟು ನೋಡುತ್ತಾರೆ. "ಕಾಗದ ಪರೀಕ್ಷೆ ಬರೆಯೋರಿಗೆ" ಎಂದು ಇವರು ನಗುತ್ತಿದ್ದರು.

ಎರಡು ತಿಂಗಳ ಹಿಂದೆ ಬೀದಿ ಕೊನೆಯ ಟೈಲರ್ ತನ್ನ ಹಳೆಯ ಕಾರು ತಂದ. ಕಿಡ್ನಿ ಕೆಟ್ಟ ಹೆಂಡತಿಯನ್ನು ವಾರಕ್ಕೆ ಮೂರು ಸಲ ರಕ್ತ ಶುದ್ಧಿಗೆ ಆಸ್ಪತ್ರೆಗೆ ಒಯ್ಯುತ್ತಿದ್ದದ್ದು ಅದರಲ್ಲೇ. ದೊಡ್ಡಪ್ಪ ಹೆಬ್ಬೆರಳು ಇಟ್ಟು, "ಚೆನ್ನಾಗೇ ಎಳೀತಿದೆ. ರಿಂಗು ಹೋಗಿದೆ, ಬಿಚ್ಚಲೇಬೇಕು" ಎಂದರು. ಆ ಕಾಲದ ಕಾರಿಗೆ ಸಾಮಾನು ಸಿಗುವುದು ಸುಲಭವಲ್ಲ. ಕಾರು ಇಪ್ಪತ್ತಮೂರು ದಿನ ಕೆಳಗೆ ನಿಂತಿತು. ಆಕೆ ಬಸ್ಸಿನಲ್ಲಿ ಓಡಾಡಿದರು. ಹತ್ತೊಂಬತ್ತನೇ ದಿನ ಇಳಿಯುವಾಗ ಮೆಟ್ಟಿಲು ತಪ್ಪಿ ಸೊಂಟದ ಮೂಳೆ ಮುರಿಯಿತು. ಇನ್ನೂ ಎದ್ದಿಲ್ಲ. ಏಳುವ ಭರವಸೆಯನ್ನೂ ಡಾಕ್ಟರು ಕೊಟ್ಟಿಲ್ಲ.

ಕಾರು ಮಾತ್ರ ಸರಿಹೋಯಿತು. ಟೈಲರ್ ಹೋದ ವಾರ ಒಂದು ಅಂಗಿ ಹೊಲಿದು ತಂದು, "ನಿಮ್ಮ ಕೈಗುಣ ದೊಡ್ಡದು ಯಜಮಾನ್ರೇ" ಎಂದು ಕೊಟ್ಟುಹೋದ.

ಇವತ್ತು ಬೆಳಿಗ್ಗೆ ಮಗಳ ಜೊತೆ ಚಹಾ ಒಯ್ದೆ. ದೊಡ್ಡಪ್ಪ ಬಗ್ಗಿ ಏನೋ ಬಿಗಿಯುತ್ತಿದ್ದರು. "ಏನೇ, ಒಲೆ ಮೇಲೆ ಏನಿಟ್ಟು ಮರೆತು ಬಂದೆ? ಸೀದ ವಾಸನೆ ಬರ್ತಿದೆ" ಎಂದರು. ಸೀಯುತ್ತಿದ್ದದ್ದು ಅವರ ಹೆಬ್ಬೆರಳು. ಕಾದ ಸೈಲೆನ್ಸರ್ ಪೈಪಿಗೆ ಒರಗಿತ್ತು.

ಕೈ ಎಳೆದು ನೀರಿಗೆ ಹಿಡಿದೆ, ಮುಲಾಮು ಹಚ್ಚಿದೆ. ಆಮೇಲೆ ಕಣ್ಣು ಮುಚ್ಚಿಸಿ, ಸೆರಗಿನ ಪಿನ್ನು ತೆಗೆದು ಒಂದೊಂದೇ ಬೆರಳಿಗೆ ಮೆಲ್ಲಗೆ ಚುಚ್ಚಿದೆ. ಕಿರುಬೆರಳಿಗೆ "ಹಾಂ" ಎಂದರು. ಹೆಬ್ಬೆರಳಿನಲ್ಲಿ ಸುಡದ ಕಡೆ ನಾಲ್ಕು ಸಲ ಚುಚ್ಚಿದೆ.

"ಹೆಬ್ಬೆರಳಿಗೆ ಇನ್ನೂ ಶುರು ಮಾಡಿಲ್ವಾ?" ಎಂದರು.

ಅವರು ಕಣ್ಣು ಬಿಟ್ಟು ಪಿನ್ನು ಇದ್ದ ಜಾಗ ನೋಡಿದರು. ಎದ್ದು, ಹಳೇ ಸಾಮಾನಿನ ಡಬ್ಬಿಯಿಂದ ಟೈಲರನ ಕಾರಿನ ಪೈಪು ಹುಡುಕಿ ತೆಗೆದರು. ಎಂಜಿನ್ ಬಿಚ್ಚಿದಾಗ ರಬ್ಬರೆಲ್ಲ ಹೊಸದು ಹಾಕುವುದು ಅವರ ರೂಢಿ. ತೆಗೆದದ್ದನ್ನು ಅಲ್ಲಿಗೆ ಎಸೆದಿದ್ದರು. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದರು. ಒಳಗೆ ಕರೀ ಜಿಡ್ಡು ಡಾಂಬರಿನಂತೆ ಗಟ್ಟಿಯಾಗಿ ಕೂತಿತ್ತು. ಸೂಜಿ ತೂರುವಷ್ಟೂ ದಾರಿಯಿಲ್ಲ.

"ಎಳೀತಿದೆ ಅಂದ್ರಲ್ಲ ದೊಡ್ಡಪ್ಪಾ?"

"ವಾಲ್ವಿನ ಬಾಯಿಗೆ ಅಂಟು ಮೆತ್ಕೊಂಡಿತ್ತು. ಎತ್ತುವಾಗ ಬೆರಳು ಕಚ್ಕೊಂಡು ಬಂತು, ಬೆರಳಿಗೆ ಅಂಟು ಗೊತ್ತಾಗ್ಲಿಲ್ಲ, ಮಣಿಕಟ್ಟಿಗೆ ಎಳೆದದ್ದು ಮಾತ್ರ ತಿಳೀತು. ಎಂಜಿನ್ನೇ ಎಳೀತಿದೆ ಅಂದುಬಿಟ್ಟೆ." ಬ್ಲೇಡು ಕೆಳಗಿಟ್ಟು, "ರಿಂಗು ಬಿಚ್ಚಿದಾಗ ಅಷ್ಟೇನೂ ಸವೆದಿರಲಿಲ್ಲ ಕಣೇ. ನೋಡಿದೆ. ನೋಡಿಯೂ ಹೊಸದು ಹಾಕಿದೆ" ಎಂದರು.

ಬೆರಳು ಮಂಕಾಗಿ ಎಷ್ಟು ದಿನವಾಯಿತೆಂದು ಕೇಳಿದೆ. "ವರ್ಷ ಆಗಿರಬೇಕು" ಎಂದಷ್ಟೇ ಹೇಳಿ, ಗ್ಯಾರೇಜಿನ ಬಾಗಿಲು ಎಳೆದುಕೊಂಡರು.

ಸಂಜೆ ಮೇಲೆ ಬಂದರು. ಒಳಗೆ ಬರದೆ ಹೊಸ್ತಿಲಲ್ಲೇ ನಿಂತು, "ಟೈಲರ್ ಮನೆಗೆ ಹೋಗ್ಬೇಕು. ನೀನೂ ಬಾ" ಎಂದರು.

"ಧೈರ್ಯಕ್ಕಾ?"

"ಅಲ್ಲ. ಆಕೆ ಮಲಗಿರೋದು ಕಂಡ ತಕ್ಷಣ ನಾನು 'ಹಳೇ ಎಂಜಿನ್ನು, ಇವತ್ತಲ್ಲ ನಾಳೆ ಬಿಚ್ಚಲೇಬೇಕಿತ್ತು' ಅಂತ ಶುರು ಹಚ್ಕೋತೀನಿ. ನನ್ನ ಬುದ್ಧಿ ನನಗೆ ಗೊತ್ತು. ನಾನು ಹಂಗೇನಾದ್ರೂ ಅಂದ್ರೆ, ಬಿಚ್ಚೋ ಅಗತ್ಯ ಇರಲಿಲ್ಲ ಅಂತ ನೀನು ಅವನಿಗೆ ಹೇಳ್ಬೇಕು. ನನ್ನ ಮುಖ ನೋಡ್ಬೇಡ ಮಗಳೇ, ಹೇಳಿಬಿಡು."