ಪ್ರೋಗ್ರಾಂ ಬೀಳದಂತೆ ಬರೆಯಲು ಕಲಿಸಿದ ಲ್ಯಾಬಿನ ಅಕ್ಕ

ಲ್ಯಾಬಿನ ಅಕ್ಕನ ಎಡಗೈ ಹೆಬ್ಬೆರಳಿನ ಉಗುರು ಯಾವಾಗಲೂ ನೇರಳೆ. ರಕ್ತದ ಗಾಜುಪಟ್ಟಿಗೆ ಹಾಕುವ ಬಣ್ಣ ಅದು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಗಂಗಾವತಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಅವರು ರಕ್ತ ಪರೀಕ್ಷಿಸುತ್ತಿದ್ದರು. "ಎಷ್ಟು ಸೀಸೆ ಅದಾವ್ರಿ?" ಎಂದು ಯಾರಾದರೂ ಕೇಳಿದರೆ "ಸೀಸೆ ಅನಬ್ಯಾಡ, ಮಂದಿ ಅನ್ನು" ಎಂದು ತಿದ್ದುತ್ತಿದ್ದರು.

ಭತ್ತ ನಾಟಿಗೆ ಹೋಗುವವರ ಮಗಳಾದ ನಾನು ಆಗಷ್ಟೇ ಕಂಪ್ಯೂಟರ್ ಓದು ಮುಗಿಸಿ, ಆ ಲ್ಯಾಬಿಗೆಂದು ವರದಿ ತಯಾರಿಸುವ ಪ್ರೋಗ್ರಾಂ ಬರೆದಿದ್ದೆ. ನನ್ನ ಮೊದಲ ಕೆಲಸ! ಮೊದಲ ದಿನವೇ ಅದು ಕುಸಿದುಬಿತ್ತು. ಒಬ್ಬರ ರಕ್ತ ಸೀಸೆಯಲ್ಲೇ ಹೆಪ್ಪುಗಟ್ಟಿತ್ತು. ಅಂಕಿ ಹಾಕುವ ಜಾಗದಲ್ಲಿ ಅಕ್ಕ 'ಹೆಪ್ಪುಗಟ್ಟಿದೆ' ಎಂದು ಅಕ್ಷರದಲ್ಲಿ ಬರೆದಿದ್ದರು. ಪ್ರೋಗ್ರಾಂ ಥಟ್ಟನೆ ಮುಚ್ಚಿಕೊಂಡಿತು. ಬೆಳಗಿನಿಂದ ತುಂಬಿದ್ದೆಲ್ಲ ಹೋಯಿತು. ಹೊರಗೆ ಬೆಂಚಿನ ತುಂಬ ಜನ.

"ಅಲ್ಲಿ ಅಂಕಿನೇ ಹಾಕಬೇಕಿತ್ರಿ," ಎಂದೆ.

ಅಕ್ಕ ಬೈಯಲಿಲ್ಲ. ಆ ಸೀಸೆಯನ್ನು ನನ್ನ ಕಣ್ಣೆದುರು ಹಿಡಿದರು. "ಇದು ಕೆಟ್ಟೈತಿ. ಹಂಗಂತ ಲ್ಯಾಬಿಗೆ ಕೀಲಿ ಹಾಕಿ ಮನಿಗೆ ಹೋಗ್ಲೇನು? ಇದನ್ನ ಬಾಜೂಕ ಇಡ್ತೀನಿ, ಯಾರದಂತ ಚೀಟಿ ಹಚ್ತೀನಿ, ಉಳದಿದ್ದು ನಡಸ್ತೀನಿ. ನಿನ್ನ ಪ್ರೋಗ್ರಾಮಿಗೆ ಇಷ್ಟು ತಿಳೀಬಾರದೇನು?"

ಎರಡೇ ದಿನದಲ್ಲಿ ತಿದ್ದಿ ತಂದೆ. ಯಾವ ತಪ್ಪು ಬಂದರೂ ಸದ್ದಿಲ್ಲದೆ ನುಂಗಿಕೊಂಡು ಮುಂದೆ ಹೋಗುವಂತೆ ಬರೆದಿದ್ದೆ. "ಇನ್ನ ಬೀಳಂಗಿಲ್ರಿ!" ಎಂದು ಬೀಗಿದೆ. ಅಕ್ಕ ಬೇಕೆಂದೇ ಅದೇ ಅಕ್ಷರಗಳನ್ನು ಹೊಡೆದರು. ಪ್ರೋಗ್ರಾಂ ಬೀಳಲಿಲ್ಲ, ಹಿಂದಿನ ರೋಗಿಯ ಅಂಕಿಯನ್ನೇ ಈ ರೋಗಿಯ ಹೆಸರಿಗೆ ಅಚ್ಚು ಹಾಕಿ ಕೊಟ್ಟಿತು. ಅಂದು ಮಾತ್ರ ಅವರ ದನಿ ಏರಿತು. "ಮೊದಲು ಬಿದ್ದದ್ದಾದ್ರೂ ಕಣ್ಣಿಗೆ ಕಾಣ್ತಿತ್ತು. ಈಗ ಸುಳ್ಳು ಹೇಳಾಕತ್ತೈತಿ. ಇದನ್ನ ನಂಬಿ ಡಾಕ್ಟರ್ ಔಷಧ ಕೊಟ್ರ?" ಕಾಗದವನ್ನು ಎರಡಾಗಿ ಹರಿದರು.

ಆಮೇಲೆ ಅವರ ಪಕ್ಕದಲ್ಲೇ ಕುಳಿತು ಬರೆದೆ. ಕೆಟ್ಟ ಸಾಲೊಂದೇ ಕೆಂಪಾಗಬೇಕು, ಉಳಿದವು ಉಳಿಯಬೇಕು. ಪರದೆಯ ಮೇಲಿನ ಮಾತನ್ನೂ ಅವರೇ ಹೇಳಿ ಬರೆಸಿದರು: "ಈ ಅಂಕಿ ಓದಲಾಗಲಿಲ್ಲ. ಉಳಿದದ್ದು ಭದ್ರವಾಗಿದೆ. ಇವರ ರಕ್ತ ಮತ್ತೊಮ್ಮೆ ನೋಡಿ." 'ತಪ್ಪು' ಎಂಬ ಶಬ್ದವನ್ನು ತೆಗೆಸಿಬಿಟ್ಟರು. "ಅಂಕಿ ಹಾಕೋರು ಮೊದಲೇ ಗಾಬರಿ ಆಗಿರ್ತಾರ. ಮ್ಯಾಲ ಯಾಕ ಬೈತಿ?"

ಮುಂದೊಮ್ಮೆ ಕಂಪ್ಯೂಟರ್ ಸಮೇತ ತಳಕಲ್ ಊರಿನ ಶಾಲೆಗೆ ಬಸುರಿಯರ ತಪಾಸಣೆಗೆ ಹೋದೆವು. ಉದ್ದನೆಯ ಸಾಲು. ನಡುವೆಯೇ ಪ್ರಿಂಟರ್ ಕೈಕೊಟ್ಟಿತು. ಪ್ರೋಗ್ರಾಂ ಮಾತ್ರ "ಪ್ರಿಂಟರ್ ಸಿಗುತ್ತಿಲ್ಲ, ಕೆಲಸ ಮುಂದುವರಿಸಿ" ಎಂದು ಹೇಳಿ ಮುಂದಿನ ಹೆಸರು ಕೇಳಿತು! ಕೈಯಲ್ಲೇ ಚೀಟಿ ಬರೆದುಕೊಡುತ್ತ ಹೋದೆವು. ಸ್ವಲ್ಪ ಹೊತ್ತಿಗೆ ಪರದೆಯಲ್ಲಿ ಒಂದೇ ಒಂದು ಕೆಂಪು ಸಾಲು. ರಕ್ತಕಣ ಎಣಿಸುವ ಯಂತ್ರದಿಂದ ಬಂದ ಅಂಕಿ ಅರ್ಧಕ್ಕೇ ತುಂಡಾಗಿತ್ತು. ಆ ಕೆಂಪು ಸಾಲಿನಲ್ಲಿ ಹೆಸರಿದ್ದ ಬಸುರಿ ಗಾಡಿ ಬಂತೆಂದು ಚೀಟಿಗೂ ಕಾಯದೆ ಗೇಟು ದಾಟಿದ್ದಳು. ಅಕ್ಕ ಕೈಗವಸಿನಲ್ಲೇ ಓಡಿದರು. "ಏ ತಂಗಿ, ನಿಂದರವಾ! ಇನ್ನೊಂದ್ ಸಲ ನೋಡೂನು!"

ಮತ್ತೆ ನೋಡಿದರೆ ಆಕೆಯ ಮೈಯಲ್ಲಿ ರಕ್ತ ತೀರಾ ಕಡಿಮೆ. ಆಂಬುಲೆನ್ಸ್ ಆಕೆಯನ್ನು ಹತ್ತಿಸಿಕೊಂಡು ಕೊಪ್ಪಳದ ಹಾದಿ ಹಿಡಿಯಿತು. ಕೆಲವು ವಾರಗಳ ಮೇಲೆ ಫೋನು ಬಂತು: ಹೆಣ್ಣು ಕೂಸು, ಇಬ್ಬರೂ ಆರಾಮ. ನಾವಿಬ್ಬರೂ ಕುಣಿದ ಸದ್ದಿಗೆ ಡಾಕ್ಟರೇ ಲ್ಯಾಬಿನೊಳಗೆ ಇಣುಕಿ ನೋಡಿದರು.

ಅಕ್ಕ ಹೋದ ವರ್ಷ ತೀರಿಕೊಂಡರು. ನನ್ನ ಕಣ್ಣಿಗೆ ಕಟ್ಟಿರುವುದು ಅವರು ನಿವೃತ್ತರಾದ ದಿನ. ಕೊರಳಲ್ಲಿ ಹಾರ ಇರುವಾಗಲೇ ಬಂದು ಕಂಪ್ಯೂಟರ್ ಮುಂದೆ ಕುಳಿತರು. ವಯಸ್ಸಿನ ಜಾಗದಲ್ಲಿ ಊರಿನ ಹೆಸರು ಹೊಡೆದರು. ನಾಳೆಯ ತಾರೀಖನ್ನು ಹುಟ್ಟಿದ ದಿನವೆಂದು ಕೊಟ್ಟರು. ರಕ್ತಕಣ ಎಣಿಸುವ ಯಂತ್ರದ ವೈರನ್ನೇ ಕಿತ್ತರು. ಪ್ರತಿ ಸಲವೂ ಪ್ರೋಗ್ರಾಂ ಆದದ್ದನ್ನು ಹೇಳಿ, ಮುಂದೇನು ಮಾಡಬೇಕೆಂದು ತೋರಿಸಿ, ನಡೆಯುತ್ತಲೇ ಇತ್ತು. ಅಕ್ಕ ಕುರ್ಚಿ ಹಿಂದಕ್ಕೆ ತಳ್ಳಿ ಗೊಳ್ಳನೆ ನಕ್ಕರು.

"ನನ್ನ ಕೈಲೆ ಕೆಡವಾಕ ಆಗವಲ್ದು! ಇನ್ನ ಇದನ್ನ ಇಲ್ಲೇ ಕುಂದರಸಬ್ಯಾಡ, ಬ್ಯಾರೆ ಊರಿಗೂ ಒಯ್ಯಿ."

ಮರುದಿನವೇ ಪ್ರೋಗ್ರಾಂ ಹಿಡಿದು ಕುಷ್ಟಗಿಯ ಬಸ್ಸು ಹತ್ತಿದೆ.