ಅತ್ತೆಯ ನಡಿಗೆ ಬರೆಯಲು ಹೋಗಿ

2020ರ ಬೇಸಿಗೆ. ಐರ್ಲೆಂಡಿನ ಕಾರ್ಕ್ ನಗರದ ಪಕ್ಕದ ಬ್ಯಾಲಿನ್‌ಕೊಲಿಗ್‌ನ ನಮ್ಮ ಮನೆಗೆ ಮೈಸೂರಿನಿಂದ ಬಂದಿದ್ದ ಅತ್ತೆ, ಕೊರೋನಾದಿಂದ ವಿಮಾನಗಳು ನಿಂತು ಇಲ್ಲೇ ಉಳಿದಿದ್ದರು. ಗಂಡ ದಿನವಿಡೀ ಮೇಲಿನ ಕೋಣೆಯಲ್ಲಿ ಮೀಟಿಂಗ್‌ನಲ್ಲಿ. ಬೇಸರ ಕಳೆಯಲು ನಾನು ಆನ್‌ಲೈನ್ ಚಿತ್ರಕಲಾ ತರಗತಿಗೆ ಸೇರಿದೆ.

ಆ ವಾರದ ಪಾಠ ಯುರೋಪಿನ ರೊಮ್ಯಾಂಟಿಕ್ ಕಾಲದ ರೇಖಾಚಿತ್ರಗಳು. ಇನ್ನೂರು ವರ್ಷ ಹಳೆಯ ಕಾಗದದಿಂದ ಕುದುರೆ ಈಗಲೇ ಹೊರಗೆ ಜಿಗಿಯುವಂತಿತ್ತು. ಕುಣಿಯುವ ಹೆಂಗಸಿನ ಕಾಲಿಗೆ ಒಂದರ ಮೇಲೊಂದು ಗೆರೆ, ಯಾವುದನ್ನೂ ಅಳಿಸಿರಲಿಲ್ಲ. "ಹೀಗೇ ಒಂದು ಪ್ರಾಣಿ, ಒಬ್ಬ ಮನುಷ್ಯ ಚಲಿಸುವುದನ್ನು ಬರೆಯಿರಿ. ರಬ್ಬರ್ ಮುಟ್ಟಬೇಡಿ," ಎಂದರು ಐರಿಷ್ ಮೇಡಂ.

ಪಕ್ಕದ ಮನೆಯ ನಾಯಿ ಕಾಗದದ ಮೇಲೆ ಸಲೀಸಾಗಿ ಬಂತು. ತಲೆನೋವಾಗಿದ್ದು ಅತ್ತೆ. ನಾನು ಪೆನ್ಸಿಲ್ ಹಿಡಿದರೆ ಸಾಕು, ಸೆರಗು ಸರಿಮಾಡಿಕೊಂಡು ಕಂಬದಂತೆ ನಿಂತುಬಿಡುವರು.

"ನಡೀರಿ ಅತ್ತೆ, ನಿಲ್ಬೇಡಿ."

"ಅಲ್ಲಾಡಿದ್ರೆ ಚಿತ್ರ ಕೆಡಲ್ವೇನೇ?"

ಕೊನೆಗೆ ಅವರು ಅಡುಗೆಮನೆಯಲ್ಲಿ ಓಡಾಡುವಾಗ ಕದ್ದು ಬರೆದೆ. ಪ್ರತಿ ಚಿತ್ರದಲ್ಲೂ ಒಂದು ಕಡೆ ವಾಲಿ, ಬಲಗಾಲು ಎಳೆಯುತ್ತಿದ್ದರು. ಹಾಳೆ ಮೇಲೆ ಹಾಳೆ ಹರಿದೆ. ರೇಗಿಹೋಗಿ ಕೊನೆಯದನ್ನು ತರಗತಿಯಲ್ಲಿ ತೋರಿಸಿದೆ. "ನಾಯಿ ಸರಿ ಬಂದಿದೆ, ನಮ್ಮತ್ತೆ ಮಾತ್ರ ವಾಲುತ್ತಾರೆ!"

ಮೇಡಂ ಸಾವಕಾಶವಾಗಿ, "ಗೆರೆ ಗ್ರ್ಯಾಂಡ್ ಆಗಿದೆ, ಏನೂ ತಪ್ಪಿಲ್ಲ. ಅವರು ನಿಜಕ್ಕೂ ಹಾಗೇ ನಡೆಯುತ್ತಾರೇನೋ, ನೋಡಿದಿರಾ?" ಎಂದರು.

ಎದ್ದು ಹೋಗಿ ನೋಡಿದೆ. ಅತ್ತೆ ಸಿಂಕಿನ ಅಂಚು ಹಿಡಿದು ಹೆಜ್ಜೆ ಇಡುತ್ತಿದ್ದರು.

"ಕಾಲಿಗೇನಾಯ್ತು?"

"ಏನಿಲ್ಲ... ಹೋದ ವಾರ ಬಾತ್‌ರೂಮಲ್ಲಿ ಜಾರಿದೆ. ಆಸ್ಪತ್ರೆಗೆ ಹೋದ್ರೆ ಕೊರೋನಾ ಅಂಟುತ್ತೆ ಅಂತ ಸುಮ್ನಿದ್ದೆ."

ಸಿಟ್ಟು, ಅಳು ಒಟ್ಟಿಗೇ ಬಂದವು. ಗಂಡನನ್ನು ಮೀಟಿಂಗ್‌ನಿಂದ ಎಬ್ಬಿಸಿದೆ. ಎಕ್ಸ್‌ರೇ ತೆಗೆದರೆ ಸೊಂಟದ ಮೂಳೆ ಬಿರುಕು ಬಿಟ್ಟಿತ್ತು. ಹೀಗೇ ಓಡಾಡಿದ್ದರೆ ಪೂರ್ತಿ ಮುರಿಯುತ್ತಿತ್ತಂತೆ. ಆಪರೇಷನ್ ಆಯಿತು, ಆದರೆ ನಮ್ಮನ್ನು ಒಳಗೆ ಬಿಡಲಿಲ್ಲ. ಕನ್ನಡವೊಂದೇ ಬರುವ ಅತ್ತೆ ಅಲ್ಲಿ ಒಬ್ಬರೇ. ನರ್ಸೊಬ್ಬಳು ಅವರ ಕಿವಿಯ ಹತ್ತಿರ ಫೋನ್ ಹಿಡಿದು, ನಾನು ಮಾತು ಮುಗಿಸುವವರೆಗೂ ನಿಂತಿರುತ್ತಿದ್ದಳು.

ಮನೆಗೆ ಬಂದ ಮೇಲೆ ಅತ್ತೆ ಆ ಚಿತ್ರ ನೋಡಿ, "ನಾನು ಇಷ್ಟು ದಪ್ಪ ಇದ್ದೀನೇನೇ?" ಎಂದು ಮುಖ ಸಿಂಡರಿಸಿದರು. ನನಗೆ ಮತ್ತೆ ರೇಗಿತು.

ಈಗ ಅವರು ಮೈಸೂರಿನಲ್ಲಿದ್ದಾರೆ. ಫೋನಿನಲ್ಲಿ ಕಾಲು ಹೇಗಿದೆ ಎಂದರೆ, "ಚೆನ್ನಾಗಿದೆ" ಎನ್ನುತ್ತಾರೆ. ನಾನು ನಂಬುವುದಿಲ್ಲ. "ವಿಡಿಯೋ ಹಾಕಿ. ಫೋನನ್ನ ಮೇಜಿನ ಮೇಲಿಟ್ಟು ಒಂದ್ಸಲ ನಡೆದು ತೋರ್ಸಿ ಅತ್ತೆ," ಎನ್ನುತ್ತೇನೆ.